ರಾಕೆಟ್ಟಿನೊಳಗಿನ ಚಳಿಗೆ ಕಾವಲು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡದ್ದು ೧೯೨೩ರಲ್ಲಿ. ಅಂದಿನಿಂದ ಈ ಸೀಮೆಯ ಜನಕ್ಕೆ ಕರಗಿದ ಕಬ್ಬಿಣವು ಅಪರಿಚಿತ ವಸ್ತುವಾಗಿ ಉಳಿಯಲಿಲ್ಲ. ೧೫೦೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಆ ಬೆಂಕಿನೀರನ್ನು ಇಟ್ಟಿಗೆಯ ಒಳಪದರವುಳ್ಳ ದೊಡ್ಡ ಪಾತ್ರೆಗಳಲ್ಲಿ ಹಿಡಿದು, ಸಾಗಿಸಿ, ಅಚ್ಚಿಗೆ ಎರೆಯುವ ವಿದ್ಯೆಯನ್ನು ನಮ್ಮ ನೆರೆಹೊರೆಯವರೇ ಕಲಿತು ನಡೆಸಿದರು. ಆ ಕೆಲಸದಲ್ಲಿ ಅಪಾಯವುಂಟು, ಕಷ್ಟವುಂಟು. ಆದರೂ ಒಂದು ಸಮಾಧಾನವುಂಟು: ಪಾತ್ರೆಯಲ್ಲಿಟ್ಟ ಕಬ್ಬಿಣವು ಆರಿ ಗಟ್ಟಿಯಾದರೂ ಅದು ಪಾತ್ರೆಯಲ್ಲಿಯೇ ಇರುತ್ತದೆ, ಬೇಕಾದರೆ ಮತ್ತೆ ಕರಗಿಸಬಹುದು. ಈಗ ಇದಕ್ಕೆ ತೀರ ವಿರುದ್ಧವಾದ ಒಂದು ದ್ರವವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅದು ಕುದಿಯುವುದು ಶೂನ್ಯದ ಕೆಳಗೆ ೨೫೩ ಡಿಗ್ರಿಯಲ್ಲಿ. ಸುತ್ತಲಿನ ಗಾಳಿಗಿಂತ ಅದು ಸುಮಾರು ೨೮೦ ಡಿಗ್ರಿಯಷ್ಟು ತಂಪು, ಅಂದರೆ ಕರಗಿದ ಕಬ್ಬಿಣಕ್ಕೂ ಗಾಳಿಗೂ ಇರುವ ಅಂತರದ ಐದರಲ್ಲೊಂದು ಪಾಲು ಮಾತ್ರ. ಆದರೆ ಅದನ್ನು ಗಮನಿಸದೆ ಬಿಟ್ಟರೆ ಪಾತ್ರೆಯಲ್ಲಿ ಏನೂ ಉಳಿಯುವುದಿಲ್ಲ. ಈ ದ್ರವವೇ ದ್ರವ ಜಲಜನಕ. ಇದನ್ನು ರಾಕೆಟ್ಟಿನ ಹೊಟ್ಟೆಯಲ್ಲಿ ತುಂಬಿ, ಬೇಕಾದ ಕ್ಷಣದವರೆಗೆ ಬೇಕಾದ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಇಷ್ಟು ತೊಡಕಿನ ವಸ್ತುವಿನ ಗೊಡವೆಯಾದರೂ ಏಕೆ ಬೇಕು? ರಾಕೆಟ್ಟು ಮುಂದೆ ಸಾಗುವುದು ತನ್ನ ಹಿಂದಕ್ಕೆ ಅನಿಲವನ್ನು ಚಿಮ್ಮುವುದರಿಂದ. ಚಿಮ್ಮುವ ವೇಗ ಹೆಚ್ಚಾದಷ್ಟೂ ಅಷ್ಟೇ ತೂಕದ ಇಂಧನದಿಂದ ಹೆಚ್ಚು ಕೆಲಸ ದೊರೆಯುತ್ತದೆ. ಅನಿಲದ ಅಣುಗಳು ಹಗುರವಾಗಿದ್ದಷ್ಟೂ, ಉರಿಯ ಉಷ್ಣತೆ ಹೆಚ್ಚಿದಷ್ಟೂ ಈ ವೇಗ ಏರುತ್ತದೆ. ಎಲ್ಲ ವಸ್ತುಗಳಲ್ಲಿಯೂ ಹಗುರವಾದದ್ದು ಜಲಜನಕವಷ್ಟೆ. ಅದನ್ನು ಆಮ್ಲಜನಕದೊಡನೆ ಉರಿಸಿದರೆ ಅನಿಲವು ಸೆಕೆಂಡಿಗೆ ಸುಮಾರು ೪.೪ ಕಿಲೋಮೀಟರು ವೇಗದಲ್ಲಿ ಹೊರನುಗ್ಗುತ್ತದೆ. ಸಾಧಾರಣ ಉಷ್ಣತೆಯಲ್ಲಿ ಇಡಬಹುದಾದ ಇತರ ದ್ರವ ಇಂಧನಗಳಲ್ಲಿ ಇದು ಮೂರು ಕಿಲೋಮೀಟರಿನ ಆಚೀಚೆ ನಿಲ್ಲುತ್ತದೆ. ರಷ್ಯದ ಶಾಲಾ ಉಪಾಧ್ಯಾಯ ಸಿಯೋಲ್ಕೊವ್‌ಸ್ಕಿ ೧೯೦೩ರಲ್ಲಿಯೇ ಈ ಜೋಡಿಯನ್ನು ಸೂಚಿಸಿದ್ದನು. ಅನಿಲರೂಪದಲ್ಲಿ ಜಲಜನಕವನ್ನು ಒಯ್ಯುವುದು ಅಸಾಧ್ಯ. ಒಂದು ಲೀಟರು ದ್ರವವು ಆವಿಯಾಗಿ ಕೋಣೆಯ ಉಷ್ಣತೆಗೆ ಬಂದರೆ ಎಂಟುನೂರು ಲೀಟರಿಗೂ ಮಿಕ್ಕ ಜಾಗವನ್ನು ಆಕ್ರಮಿಸುತ್ತದೆ. ಆದಕಾರಣ ಅದನ್ನು ದ್ರವವಾಗಿಯೇ ಹೊರಬೇಕು. ಆಮ್ಲಜನಕದ ವಿಷಯವೂ ಹಾಗೆಯೇ. ಅದು ದ್ರವವಾಗುವುದು ಶೂನ್ಯದ ಕೆಳಗೆ ೧೮೩ ಡಿಗ್ರಿಯಲ್ಲಿ. ಇಂಧನ, ಅದನ್ನು ಉರಿಸುವ ಆಮ್ಲಜನಕ ಇವೆರಡಕ್ಕೂ ಸೇರಿ ನೋದಕಗಳೆಂದು ಹೆಸರು. ಇಂಥ ಕಡುಚಳಿಯ ನೋದಕಗಳಿಗೆ ಕ್ರಯೊಜೆನಿಕ್ ಎಂಬ ವಿಶೇಷಣವು ಈಗ ಪತ್ರಿಕೆಗಳ ಮೂಲಕ ಎಲ್ಲರ ಕಿವಿಗೂ ಬಿದ್ದಿದೆ.

ನಮ್ಮ ದೇಶವು ಈ ವಿದ್ಯೆಯನ್ನು ಗಳಿಸಿದ ಕಥೆ ದೀರ್ಘವಾದದ್ದು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊಫೆಸರ್ ಯು. ಆರ್. ರಾಯರು ಇಸ್ರೊ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, ೧೯೯೧ರಲ್ಲಿ, ಸೋವಿಯತ್ ಸಂಸ್ಥೆಯೊಂದರೊಡನೆ ಒಪ್ಪಂದವಾಯಿತು. ಅಮೆರಿಕದ ನಿರ್ಬಂಧದಿಂದ ಅದು ಮೊಟಕಾಗಿ, ತಯಾರಾದ ಕೆಲವು ಹಂತಗಳು ಮಾತ್ರ ನಮಗೆ ದೊರೆತುವು, ಅವನ್ನು ತಯಾರಿಸುವ ವಿದ್ಯೆ ದೊರೆಯಲಿಲ್ಲ. ಸ್ವದೇಶೀ ಎಂಜಿನ್ನು ಮೊದಲು ಹಾರಿದ್ದು ೨೦೧೦ರ ಏಪ್ರಿಲ್ ೧೫ರಂದು. ಆ ಪ್ರಯತ್ನ ಫಲಿಸಲಿಲ್ಲ. ೨೦೧೪ರ ಜನವರಿ ೫ರಂದು ಜಿಸ್ಯಾಟ್ ೧೪ ಉಪಗ್ರಹವನ್ನು ಕಕ್ಷೆಗೇರಿಸಿ ಅದು ಗೆದ್ದಿತು. ೨೦೨೨ರ ಸೆಪ್ಟೆಂಬರ್ ೨೭ರಂದು ಬೆಂಗಳೂರಿನ ಹಿಂದುಸ್ತಾನ್ ಏರೊನಾಟಿಕ್ಸ್ ಕಾರ್ಖಾನೆಯಲ್ಲಿ ಇಂಥ ಎಂಜಿನ್ನುಗಳನ್ನು ತಯಾರಿಸುವ ವಿಶೇಷ ವಿಭಾಗವನ್ನು ರಾಷ್ಟ್ರಪತಿಗಳು ಉದ್ಘಾಟಿಸಿದರು. ಹೀಗೆ ಎಂಜಿನ್ನಿನ ಕಥೆ ಬಹುಮಟ್ಟಿಗೆ ಎಲ್ಲರಿಗೂ ತಿಳಿದಿದೆ. ಉರಿಯುವ ಎಂಜಿನ್ನಿನ ಚಿತ್ರವನ್ನು ಪತ್ರಿಕೆಗಳು ಮುಖಪುಟದಲ್ಲಿ ಅಚ್ಚುಹಾಕುತ್ತವೆ. ಅದರ ಮೇಲೆ ಕುಳಿತ ಟ್ಯಾಂಕಿನ ಚಿತ್ರವನ್ನು ಯಾರೂ ಹಾಕುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದು ಟ್ಯಾಂಕಿಗೆ ಆದ ಅನ್ಯಾಯ. ಏಕೆಂದರೆ ಈ ಯಂತ್ರಗಳ ಸೋಲುಗೆಲುವುಗಳಲ್ಲಿ ಹಲವು ತೀರ್ಮಾನವಾದದ್ದು ಜ್ವಾಲೆಯಲ್ಲಿ ಅಲ್ಲ, ಜ್ವಾಲೆಗೆ ಮುಂಚೆ ದ್ರವವನ್ನು ನೋಡಿಕೊಂಡ ರೀತಿಯಲ್ಲಿ.

ಕಡುಚಳಿಯ ದ್ರವವನ್ನು ನೋಡಲು ಶ್ರೀಹರಿಕೋಟೆಗೆ ಹೋಗಬೇಕಾಗಿಲ್ಲ. ಸಾಗರದ ಹಾದಿಯಲ್ಲಿರುವ ಆಯನೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಹಸು ಸಾಕಿದವರೆಲ್ಲ ಪಶುವೈದ್ಯರ ಬಳಿ ದಪ್ಪ ಹೊಟ್ಟೆಯ, ಸಣ್ಣ ಕುತ್ತಿಗೆಯ ಅಲ್ಯುಮಿನಿಯಮ್ ಜಾಡಿಯನ್ನು ನೋಡಿರುತ್ತಾರೆ. ಮುಚ್ಚಳ ತೆಗೆದರೆ ಬಿಳಿಯ ಹೊಗೆಯಂಥದು ಅಂಚಿನಿಂದ ಕೆಳಕ್ಕೆ ಇಳಿಯುತ್ತದೆ. ಒಳಗಿರುವುದು ಶೂನ್ಯದ ಕೆಳಗೆ ೧೯೬ ಡಿಗ್ರಿಯ ದ್ರವ ಸಾರಜನಕ; ಕೃತಕ ಗರ್ಭಧಾರಣೆಗೆ ಬೇಕಾದ ಹೋರಿಯ ವೀರ್ಯದ ಕಡ್ಡಿಗಳು ಅದರಲ್ಲಿ ಮುಳುಗಿರುತ್ತವೆ. ಈ ಜಾಡಿಯು ನಾವು ಕಾಫಿ ಒಯ್ಯುವ ಥರ್ಮಾಸ್ ಫ್ಲಾಸ್ಕಿನ ಅಣ್ಣ. ಎರಡು ಗೋಡೆಗಳು, ನಡುವೆ ನಿರ್ವಾತ. ಇದನ್ನು ೧೮೯೨ರಲ್ಲಿ ರೂಪಿಸಿದ ಜೇಮ್ಸ್ ಡ್ಯೂವರನೇ ೧೮೯೮ರಲ್ಲಿ ಜಲಜನಕವನ್ನು ಮೊದಲಬಾರಿಗೆ ದ್ರವವಾಗಿಸಿದವನು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಜಾಡಿಯ ಮುಚ್ಚಳವನ್ನು ಬಿಗಿಯಾಗಿ ಹಾಕುವುದಿಲ್ಲ. ಹಾಕಿದರೆ ಒಳಗಿನ ಆವಿಯ ಒತ್ತಡವೇರಿ ಜಾಡಿ ಸಿಡಿಯಬಹುದು. ಜೊತೆಗೆ, ಎಷ್ಟೇ ಒಳ್ಳೆಯ ಜಾಡಿಯಾದರೂ ಕಾಲಕಾಲಕ್ಕೆ ಸಾರಜನಕವನ್ನು ಮತ್ತೆ ತುಂಬುತ್ತಲೇ ಇರಬೇಕು. ಶಾಖವನ್ನು ತಡೆಯುವುದೆಂದರೆ ನಿಧಾನಗೊಳಿಸುವುದು ಎಂದು ಅರ್ಥ. ಪೂರ್ತಿ ನಿಲ್ಲಿಸಬಲ್ಲ ಗೋಡೆಯನ್ನು ಈತನಕ ಯಾರೂ ಕಟ್ಟಿಲ್ಲ.

ಸಾರಜನಕದಲ್ಲಿ ಇಷ್ಟಾದರೆ ಜಲಜನಕದ ಪಾಡೇನು? ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ದ್ರವವೊಂದು ಕುದಿಯುವ ಉಷ್ಣತೆಯಲ್ಲಿಯೇ ಇದ್ದು ಆವಿಯಾಗಲು ಬೇಕಾದ ಶಾಖಕ್ಕೆ ಗುಪ್ತಶಾಖವೆಂದು ಹೆಸರು. (ಶಾಖವೂ ಉಷ್ಣತೆಯೂ ಒಂದೇ ಅಲ್ಲವೆಂದು ನಮ್ಮ ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುತ್ತೇವೆ; ಪರೀಕ್ಷೆಯಲ್ಲಿ ಅವರು ವರ್ಷವರ್ಷವೂ ಒಂದೇ ಎಂದು ಬರೆಯುತ್ತಾರೆ.) ಒಂದು ಕಿಲೋಗ್ರಾಂ ಜಲಜನಕಕ್ಕೆ ಇದು ೪೪೬ ಕಿಲೊಜೂಲ್, ಆಮ್ಲಜನಕಕ್ಕೆ ೨೧೩, ಸಾರಜನಕಕ್ಕೆ ೧೯೯. ಮೇಲ್ನೋಟಕ್ಕೆ ಜಲಜನಕವೇ ಹೆಚ್ಚು ತಾಳಿಕೊಳ್ಳುವಂತೆ ಕಾಣುತ್ತದೆ. ಆದರೆ ಒಂದು ಲೀಟರು ದ್ರವ ಜಲಜನಕದ ತೂಕ ಬರಿಯ ೭೧ ಗ್ರಾಂ, ನೀರಿನ ಹದಿನಾಲ್ಕರಲ್ಲೊಂದು ಪಾಲು. ಆದ್ದರಿಂದ ಲೀಟರಿನ ಲೆಕ್ಕದಲ್ಲಿ ಆಮ್ಲಜನಕಕ್ಕೆ ಸುಮಾರು ೨೪೩, ಸಾರಜನಕಕ್ಕೆ ೧೬೦ ಕಿಲೊಜೂಲ್ ಬೇಕಾದರೆ ಜಲಜನಕಕ್ಕೆ ೩೨ ಸಾಕು. ಕುದಿಯುತ್ತಿರುವ ಒಂದು ಕಿಲೋಗ್ರಾಂ ನೀರನ್ನು ಪೂರ್ತಿಯಾಗಿ ಆವಿಮಾಡುವ ಶಾಖವು ಎಪ್ಪತ್ತು ಲೀಟರು ದ್ರವ ಜಲಜನಕವನ್ನು ಹಾರಿಸಿಬಿಡುತ್ತದೆ. ಹೀಗಾಗಿ ಇದರ ಟ್ಯಾಂಕು ದೊಡ್ಡದು, ದೊಡ್ಡ ಟ್ಯಾಂಕಿಗೆ ಮೈ ಹೆಚ್ಚು, ಮೈ ಹೆಚ್ಚಾದಷ್ಟೂ ಒಳನುಸುಳುವ ಶಾಖವೂ ಹೆಚ್ಚು. ಪಶುವೈದ್ಯರ ಜಾಡಿಯಂತೆ ದಪ್ಪನೆಯ ಎರಡು ಗೋಡೆ ಕಟ್ಟೋಣವೆಂದರೆ ತೂಕವೇರುತ್ತದೆ. ರಾಕೆಟ್ಟಿನ ಮೇಲ್ಹಂತದಲ್ಲಿ ಏರಿಸಿದ ಒಂದೊಂದು ಕಿಲೋಗ್ರಾಮೂ ಉಪಗ್ರಹದಿಂದ ಕಳೆದ ಒಂದು ಕಿಲೋಗ್ರಾಮು. ಆದಕಾರಣ ಉಡಾವಣೆಯ ವಾಹನಗಳಲ್ಲಿ ತೆಳುವಾದ ಅಲ್ಯುಮಿನಿಯಮ್ ಮಿಶ್ರಲೋಹದ ಟ್ಯಾಂಕಿಗೆ ಹೊರಗಿನಿಂದ ಹಗುರವಾದ ನೊರೆಪದರವನ್ನು ಹೊದಿಸಿ, ಕೆಲವು ಗಂಟೆಗಳ ಮಟ್ಟಿಗೆ ಕಾಪಾಡಿಕೊಳ್ಳುವುದೇ ರೂಢಿ.

ಹೊರಗಿನ ಶಾಖ ಹೀಗೆ ಒಳನುಸುಳಿದರೆ, ಜಲಜನಕವು ತನ್ನೊಳಗೇ ಶಾಖವನ್ನು ಹುಟ್ಟಿಸಿಕೊಳ್ಳುವ ಒಂದು ವಿಚಿತ್ರ ಸಂಗತಿಯೂ ಉಂಟು. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿವೆ. ಅವುಗಳ ಬೀಜಗಳು ಬುಗುರಿಗಳಂತೆ ಭ್ರಮಿಸುತ್ತವೆಂದು ಭಾವಿಸಬಹುದು. ಎರಡು ಬುಗುರಿಗಳೂ ಒಂದೇ ದಿಕ್ಕಿಗೆ ಭ್ರಮಿಸಿದರೆ ಅದು ಆರ್ಥೊ ಜಲಜನಕ, ವಿರುದ್ಧ ದಿಕ್ಕುಗಳಿಗೆ ಭ್ರಮಿಸಿದರೆ ಪ್ಯಾರಾ ಜಲಜನಕ. ಸಾಧಾರಣ ಉಷ್ಣತೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಆರ್ಥೊ. ಆದರೆ ದ್ರವದ ಕಡುಚಳಿಯಲ್ಲಿ ಪ್ರಕೃತಿಗೆ ಒಪ್ಪುವುದು ಬಹುತೇಕ ಎಲ್ಲವೂ ಪ್ಯಾರಾ ಆಗಿರುವುದು. ಬೇಗನೆ ದ್ರವವಾಗಿಸಿ ಟ್ಯಾಂಕಿಗೆ ತುಂಬಿದರೆ ಆರ್ಥೊ ಅಣುಗಳು ಒಳಗೆ ಕುಳಿತು ನಿಧಾನವಾಗಿ ಪ್ಯಾರಾ ಆಗುತ್ತ ಹೋಗುತ್ತವೆ, ಹಾಗೆ ಆಗುವಾಗ ಶಾಖವನ್ನು ಬಿಡುತ್ತವೆ. ಕಿಲೋಗ್ರಾಂ ಒಂದಕ್ಕೆ ಈ ಶಾಖ ೫೨೭ ಕಿಲೊಜೂಲ್, ಅಂದರೆ ಗುಪ್ತಶಾಖಕ್ಕಿಂತಲೂ ಅಧಿಕ! ಯಾವ ಫ್ಲಾಸ್ಕಿನಲ್ಲಿಟ್ಟರೂ ಇಂಥ ಜಲಜನಕದ ಬಹುಭಾಗವು ಕೆಲವು ದಿನಗಳಲ್ಲಿ ತನ್ನ ಶಾಖದಿಂದಲೇ ತಾನು ಹಾರಿಹೋಗುತ್ತದೆ. ೧೯೨೦ರ ದಶಕದ ಕೊನೆಯಲ್ಲಿ ತಿಳಿದುಬಂದ ಈ ಎರಡು ರೂಪಗಳು ಕ್ವಾಂಟಂ ಸಿದ್ಧಾಂತಕ್ಕೆ ದೊರೆತ ದೊಡ್ಡ ಸಾಕ್ಷ್ಯ. ಹೈಸನ್‌ಬರ್ಗನ ನೊಬೆಲ್ ಬಹುಮಾನದ ಒಕ್ಕಣೆಯಲ್ಲಿಯೂ ಇವುಗಳ ಪ್ರಸ್ತಾಪವಿದೆ. ಇದಕ್ಕೆ ಕಂಡುಕೊಂಡ ಉಪಾಯ ಮಾತ್ರ ಬಹು ಸರಳ. ದ್ರವೀಕರಣದ ಹಾದಿಯಲ್ಲಿಯೇ ಜಲಜನಕವನ್ನು ಕಬ್ಬಿಣದ ಆಕ್ಸೈಡಿನ ಕಾಳುಗಳ ಮೂಲಕ ಹಾಯಿಸಿದರೆ ಪರಿವರ್ತನೆ ಅಲ್ಲಿಯೇ ತ್ವರಿತವಾಗಿ ಮುಗಿಯುತ್ತದೆ. ಬಿಟ್ಟ ಶಾಖವನ್ನು ಅಲ್ಲಿಯೇ ಹೊರತೆಗೆಯಬಹುದು. ಭದ್ರಾವತಿಯ ಕುಲುಮೆಗೆ ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದ ಕೆಂಪು ಅದುರಿನ ಬಳಗದ ವಸ್ತುವೇ ಇಲ್ಲಿ ಜಗತ್ತಿನ ಅತಿ ತಣ್ಣನೆಯ ಇಂಧನವನ್ನು ಸಂಬಾಳಿಸಲು ಒದಗಿತೆಂಬುದು ನಮಗೆ ಸಂತೋಷದ ವಿಷಯ.

ಚಳಿಯಲ್ಲಿ ಲೋಹಗಳ ಸ್ವಭಾವವೂ ಬದಲಾಗುತ್ತದೆ. ಸಾಧಾರಣ ಉಕ್ಕು ಅಲ್ಲಿ ಗಾಜಿನಂತೆ ಪೆಡಸಾಗಿ, ಬಡಿದರೆ ಒಡೆಯುತ್ತದೆ. ನಿಕ್ಕಲ್ ಬೆರೆತ ಕೆಲವು ಉಕ್ಕುಗಳೂ ಅಲ್ಯುಮಿನಿಯಮ್ಮೂ ತಮ್ಮ ಹರಳಿನ ರಚನೆಯ ವಿಶೇಷದಿಂದ ಮೆತುತನವನ್ನು ಕಳೆದುಕೊಳ್ಳುವುದಿಲ್ಲ. ಆದುದರಿಂದ ಅವೇ ಈ ಕೆಲಸಕ್ಕೆ ಸಲ್ಲುವುವು. ಸಲ್ಲುವ ಲೋಹವಾದರೂ ಕುಗ್ಗದೆ ಇರುವುದಿಲ್ಲ. ಒಂದು ಮೀಟರು ಅಲ್ಯುಮಿನಿಯಮ್ ಸರಳು ದ್ರವ ಜಲಜನಕದ ಉಷ್ಣತೆಗೆ ಇಳಿದಾಗ ಸುಮಾರು ನಾಲ್ಕು ಮಿಲಿಮೀಟರು ಗಿಡ್ಡವಾಗುತ್ತದೆ. ಉಕ್ಕು ಅದಕ್ಕಿಂತ ಕಡಮೆ ಕುಗ್ಗುತ್ತದೆ. ಎರಡೂ ಕೂಡುವ ಸಂದಿನಲ್ಲಿ ಈ ವ್ಯತ್ಯಾಸವೇ ಬಿರುಕಾಗಬಹುದು. ರಬ್ಬರಿನ ಬಿಗಿಬಳೆಗಳಂತೂ ಕಲ್ಲಾಗಿ ತಮ್ಮ ಕೆಲಸವನ್ನೇ ಮರೆಯುತ್ತವೆ. ಜಲಜನಕದ ಅಣುವೋ ಅತ್ಯಂತ ಸಣ್ಣದು, ನುಸುಳುವುದರಲ್ಲಿ ನಿಸ್ಸೀಮ. ಅಮೆರಿಕದವರು ಆರ್ಟೆಮಿಸ್ ಯೋಜನೆಯ ಮೊದಲ ರಾಕೆಟ್ಟನ್ನು ೨೦೨೨ರ ಸೆಪ್ಟೆಂಬರ್ ೩ರಂದು ಹಾರಿಸಲಾರದೆ ನಿಲ್ಲಿಸಿದ್ದು ಜಲಜನಕದ ಸೋರಿಕೆಯಿಂದಲೇ. ಅದು ಹಾರಿದ್ದು ನವೆಂಬರ್ ೧೬ಕ್ಕೆ. ಅರ್ಧ ಶತಮಾನಕ್ಕೂ ಮಿಕ್ಕಿ ಈ ದ್ರವದೊಡನೆ ಬಾಳುವೆ ಮಾಡಿದವರ ಅನುಭವ ಇದು. ಇನ್ನೊಂದು ತೊಡಕು ಗಾಳಿಯದು. ಕೊಳವೆಯೊಳಗೆ ಗಾಳಿ ಉಳಿದಿದ್ದರೆ ಅದು ಹೆಪ್ಪುಗಟ್ಟಿ ಮರಳಿನಂತೆ ಕಣಕಣವಾಗಿ ಕವಾಟಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಾರಜನಕದಿಂದ ತೊಳೆಯೋಣವೆಂದರೆ ಅದೂ ಹೆಪ್ಪುಗಟ್ಟುವ ವಸ್ತುವೇ. ಈ ಚಳಿಯಲ್ಲಿಯೂ ಅನಿಲವಾಗಿಯೇ ಉಳಿಯುವ ವಸ್ತು ಹೀಲಿಯಂ ಒಂದೇ. ಆದ್ದರಿಂದಲೇ ಈ ದುಬಾರಿಯ ಅನಿಲವನ್ನು ಧಾರಾಳವಾಗಿ ವೆಚ್ಚಮಾಡಬೇಕಾಗುತ್ತದೆ.

ತುಂಬುವ ಕ್ರಮವನ್ನು ಸಂಕ್ಷೇಪವಾಗಿ ಹೇಳೋಣ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ಕಾವಲಿಯನ್ನು ಮುಟ್ಟದೆ ಆವಿಯ ಮೆತ್ತೆಯ ಮೇಲೆ ಕುಣಿಯುವುದನ್ನು ದೋಸೆ ಹುಯ್ಯುವವರೆಲ್ಲ ನೋಡಿದ್ದಾರೆ. ದ್ರವ ಜಲಜನಕಕ್ಕೆ ನಮ್ಮ ಸಾಧಾರಣ ಉಷ್ಣತೆಯ ಕೊಳವೆಯೇ ಕಾದ ಕಾವಲಿ. ಮೊದಲು ಸ್ವಲ್ಪಸ್ವಲ್ಪವಾಗಿ ಬಿಟ್ಟು, ಕೊಳವೆ, ಪಂಪು, ಟ್ಯಾಂಕುಗಳನ್ನು ತಣಿಸಿ, ಕುಣಿತ ನಿಂತ ಮೇಲೆಯೇ ಪೂರ್ಣಪ್ರವಾಹವನ್ನು ಬಿಡಬೇಕು. ತುಂಬಿದ ಮೇಲೂ ಹಾರಿಹೋದಷ್ಟನ್ನು ಉಡಾವಣೆಯ ಹತ್ತಿರದವರೆಗೆ ತುಂಬುತ್ತಲೇ ಇರಬೇಕು. ಉಡಾವಣೆ ತಪ್ಪಿದರೆ ಎಲ್ಲವನ್ನೂ ಎಚ್ಚರದಿಂದ ಹಿಂದಕ್ಕೆ ಹರಿಸಿ ತೆಗೆಯಬೇಕು. ಚಂದ್ರಯಾನ ೨ನ್ನು ಹೊತ್ತ ರಾಕೆಟ್ಟು ೨೦೧೯ರ ಜುಲೈ ೧೫ರಂದು, ಹಾರಲು ೫೬ ನಿಮಿಷ ೨೪ ಸೆಕೆಂಡುಗಳಿದ್ದಾಗ, ತಾಂತ್ರಿಕ ದೋಷದಿಂದ ನಿಂತಿತು. ಜುಲೈ ೨೨ರಂದು ಅದು ಹಾರಿತು.

ಇನ್ನು ಒತ್ತಡದ ಮಾತಿಗೆ ಬರೋಣ. ಟ್ಯಾಂಕಿನ ದ್ರವವು ಸದಾ ಕುದಿಯುವ ಅಂಚಿನಲ್ಲಿರುತ್ತದೆಂದು ಹೇಳಿದೆವಷ್ಟೆ. ದ್ರವದ ಮೇಲಿನ ಒತ್ತಡ ಹೆಚ್ಚಿದರೆ ಕುದಿಯುವ ಉಷ್ಣತೆ ಮೇಲೇರುತ್ತದೆ, ತಗ್ಗಿದರೆ ಕೆಳಗಿಳಿಯುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಮೊದಲನೆಯದಕ್ಕೆ ನಿದರ್ಶನ. ಎರಡನೆಯದಕ್ಕೆ ಅಡಕೆ ತೋಟದ ಪಂಪ್‌ಸೆಟ್ಟಿನ ಬಳಿಗೆ ಹೋಗಬೇಕು. ಬೇಸಗೆಯಲ್ಲಿ ಬಾವಿಯ ನೀರು ತೀರ ಕೆಳಗಿಳಿದಾಗ, ಇಲ್ಲವೆ ಫುಟ್‌ವಾಲ್ವು ಕೆಟ್ಟಾಗ, ಮೋಟಾರು ಭರದಿಂದ ತಿರುಗುತ್ತಿರುತ್ತದೆ, ನೀರು ಮಾತ್ರ ಬರುವುದಿಲ್ಲ. ಪಂಪಿನ ಚಕ್ರಕ್ಕೆ ಎತ್ತಲು ದ್ರವ ಬೇಕು. ದ್ರವದ ಬದಲು ಗಾಳಿಯೋ ಆವಿಯೋ ಸಿಕ್ಕಿದರೆ ಅದು ಬರಿದೆ ಗಿರಕಿ ಹೊಡೆಯುತ್ತದೆ. ಪಂಪು ಎಳೆಯುವ ಕಡೆ ಒತ್ತಡವು ಯಾವಾಗಲೂ ತಗ್ಗುತ್ತದೆ. ಕುದಿಯುವ ಅಂಚಿನಲ್ಲಿರುವ ಜಲಜನಕಕ್ಕೆ ಆ ಅಲ್ಪ ತಗ್ಗೇ ಸಾಕು, ಅದು ಪಂಪಿನ ಬಾಯಲ್ಲೇ ಗುಳ್ಳೆಗಳಾಗಿ ಕುದಿಯುತ್ತದೆ. ಇದನ್ನು ತಪ್ಪಿಸಲು ಟ್ಯಾಂಕಿನಲ್ಲಿ ದ್ರವದ ಮೇಲೆ ನಿಯತವಾದ ಒತ್ತಡವಿರಬೇಕು. ಹೆಚ್ಚಾದರೆ ತೆಳುಗೋಡೆಯ ಟ್ಯಾಂಕು ಬಿರಿಯುತ್ತದೆ. ಅದಕ್ಕಾಗಿ ಕುಕ್ಕರಿನ ಸೀಟಿಯಂತೆ ಮಿಕ್ಕ ಆವಿಯನ್ನು ಹೊರಬಿಡುವ ಒಂದು ಕವಾಟವಿರುತ್ತದೆ. ಕಡಮೆಯಾದರೆ ಪಂಪು ಬರಿದೆ ತಿರುಗುತ್ತದೆ.

೨೦೨೧ರ ಆಗಸ್ಟ್ ೧೨ರ ಮುಂಜಾನೆ ೫ ಗಂಟೆ ೪೩ ನಿಮಿಷಕ್ಕೆ ಜಿ.ಎಸ್.ಎಲ್.ವಿ. ಎಫ್ ೧೦ ಶ್ರೀಹರಿಕೋಟೆಯಿಂದ ಮೇಲೆದ್ದಿತು. ಅದು ಹೊತ್ತಿದ್ದು ೨೨೬೮ ಕಿಲೋಗ್ರಾಂ ತೂಕದ ಇ.ಓ.ಎಸ್. ೦೩ ಉಪಗ್ರಹವನ್ನು. ಭೂಮಿಯೊಡನೆ ಸಮನಾಗಿ ಸುತ್ತುವ ಎತ್ತರದ ಕಕ್ಷೆಯಲ್ಲಿ ನಿಂತು ನಮ್ಮ ಉಪಖಂಡವನ್ನು ಮತ್ತೆ ಮತ್ತೆ ಚಿತ್ರಿಸುತ್ತ, ಪ್ರವಾಹ, ಚಂಡಮಾರುತಗಳ ಮೇಲೆ ಕಣ್ಣಿಡುವುದಕ್ಕಾಗಿ ಅದನ್ನು ರಚಿಸಿದ್ದರು. ಅದಕ್ಕೆ ಎರಡು ವರ್ಷ ಹಿಂದೆ, ೨೦೧೯ರ ಆಗಸ್ಟಿನಲ್ಲಿ, ತುಂಗೆ ಉಕ್ಕಿ ಶಿವಮೊಗ್ಗೆಯ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಂಡ ನಮ್ಮವರಿಗೆ ಅಂಥ ಕಣ್ಣಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ರಾಕೆಟ್ಟಿನ ಮೊದಲೆರಡು ಹಂತಗಳು ಲೆಕ್ಕದಂತೆ ಕೆಲಸಮಾಡಿ ಕಳಚಿಕೊಂಡವು. ಸುಮಾರು ಐದು ನಿಮಿಷಗಳಾದ ಮೇಲೆ ಕ್ರಯೊಜೆನಿಕ್ ಹಂತದ ಸರದಿ ಬಂದಿತು. ಅದು ಹೊತ್ತಿಕೊಳ್ಳಲಿಲ್ಲ. ರಾಕೆಟ್ಟಿನ ಕಂಪ್ಯೂಟರು ಪ್ರಯಾಣವನ್ನು ರದ್ದುಮಾಡಿತು. ಉಪಗ್ರಹ ನಷ್ಟವಾಯಿತು.

ಕಾರಣವನ್ನು ಹುಡುಕಲು ನೇಮಿಸಿದ ಸಮಿತಿಯು ಹಾರಾಟದ ದಾಖಲೆಗಳನ್ನು ಪರಿಶೀಲಿಸಿ, ಕಂಪ್ಯೂಟರಿನಲ್ಲಿ ಅನುಕರಿಸಿ, ನೆಲದ ಮೇಲೆ ಹಲವು ಪರೀಕ್ಷೆಗಳನ್ನು ನಡೆಸಿ ಒಂದು ತೀರ್ಮಾನಕ್ಕೆ ಬಂದಿತು. ಎಂಜಿನ್ನಿನಲ್ಲಿ ಹುಳುಕು ಕಾಣಲಿಲ್ಲ. ಹಾರಾಟದ ಕಾಲದಲ್ಲಿ ಜಲಜನಕದ ಟ್ಯಾಂಕಿನ ಒತ್ತಡವು ಏರಬೇಕಾದಂತೆ ಏರಿರಲಿಲ್ಲ. ಟ್ಯಾಂಕಿನೊಳಗೆ ಕುಳಿತು ಮುಖ್ಯ ಪಂಪಿಗೆ ಇಂಧನವನ್ನು ದೂಡಿಕೊಡುವ ಸಹಾಯಕ ಪಂಪೊಂದುಂಟು. ಒತ್ತಡ ಸಾಲದೆ ಅದು ಅಡ್ಡಾದಿಡ್ಡಿಯಾಗಿ ನಡೆಯಿತು, ಉರಿಕೋಣೆಗೆ ಸಾಕಷ್ಟು ಜಲಜನಕ ತಲುಪಲಿಲ್ಲ. ಒತ್ತಡ ಎಲ್ಲಿ ಹೋಯಿತೆಂದು ನೋಡಿದರೆ, ಮಿಕ್ಕ ಆವಿಯನ್ನು ಹೊರಬಿಡುವುದಕ್ಕೆಂದೇ ಇಟ್ಟಿದ್ದ ಆ ಕವಾಟವು ಸೋರಿತ್ತೆಂಬುದೇ ಅತಿ ಸಂಭಾವ್ಯ ಕಾರಣವಾಗಿ ಕಂಡಿತು. ಟ್ಯಾಂಕು ಒಡೆಯದಂತೆ ಕಾಯಬೇಕಾದ ಭಾಗವೇ ಟ್ಯಾಂಕಿನ ಉಸಿರನ್ನು ಕಳೆಯಿತು. ಕುಕ್ಕರಿನ ಗ್ಯಾಸ್ಕೆಟ್ಟು ಸರಿಯಾಗಿ ಕೂರದೆ ಅನ್ನ ಬೇಯದಿರುವುದನ್ನು ಬಲ್ಲ ಗೃಹಿಣಿಯರಿಗೆ ಈ ವಿವರ ತೀರ ಹೊಸದೆನಿಸಲಾರದು. ಆದರೆ ಅವರಿಗೆ ಕುಕ್ಕರನ್ನು ಇಳಿಸಿ ಮತ್ತೆ ಮುಚ್ಚಳ ಹಾಕುವ ಅನುಕೂಲವುಂಟು. ಇಂಥ ಸಂದರ್ಭಕ್ಕಾಗಿ ಸಮಿತಿಯು ಕೆಲವು ಸಲಹೆಗಳನ್ನು ಕೊಟ್ಟಿತು: ಎಂಜಿನ್ನು ಹೊತ್ತುವ ಮುನ್ನ ಟ್ಯಾಂಕಿಗೆ ಬೇಕಾದ ಒತ್ತಡವನ್ನು ಯಂತ್ರದಿಂದಲೇ ಒದಗಿಸುವ ಏರ್ಪಾಡು ಇರಬೇಕು, ಕವಾಟವನ್ನೂ ಅದರ ಕೊಳವೆಗಳನ್ನೂ ಬಲಪಡಿಸಬೇಕು, ಕ್ರಯೊಜೆನಿಕ್ ಹಂತದ ಮುಖ್ಯ ಸೂಚಕಗಳನ್ನು ಯಂತ್ರವೇ ಪರೀಕ್ಷಿಸಿ ಒಪ್ಪಿದ ಮೇಲೆಯೇ ರಾಕೆಟ್ಟು ಏಳಬೇಕು. ಮುಂದಿನ ಜಿ.ಎಸ್.ಎಲ್.ವಿ. ೨೦೨೩ರ ಮೇ ೨೯ರಂದು ಎನ್.ವಿ.ಎಸ್. ೦೧ ಉಪಗ್ರಹವನ್ನು ಕ್ಷೇಮವಾಗಿ ಕಕ್ಷೆಗೆ ಮುಟ್ಟಿಸಿತು. ೨೦೧೦ರ ಮೊದಲ ಪ್ರಯತ್ನ ಸೋತದ್ದೂ ಇದೇ ಜಾತಿಯ ಸಹಾಯಕ ಪಂಪು ನಿಂತುಹೋದದ್ದರಿಂದಲೇ ಎಂಬುದನ್ನು ಇಲ್ಲಿಯೇ ಹೇಳಬೇಕು. ಅಂದು ಪಂಪಿನ ಒಂದು ಬಿಗಿಬಳೆ ಹಿಡಿದುಕೊಂಡಿರಬಹುದು, ಇಲ್ಲವೆ ಅದರ ಕವಚ ಬಿರಿದಿರಬಹುದು ಎಂದು ಊಹಿಸಿದರು.

ಇದುವರೆಗೆ ಹೇಳಿದ್ದು ಒಂದೇ ಸಲ ಹೊತ್ತಿ ಆರುವ ಎಂಜಿನ್ನಿನ ಮಾತು. ಮುಂದಿನ ವಾಹನಗಳು ಇಷ್ಟರಿಂದ ತೃಪ್ತವಾಗುವುದಿಲ್ಲ. ಉಪಗ್ರಹಗಳನ್ನು ಬೇರೆ ಬೇರೆ ಕಕ್ಷೆಗಳಲ್ಲಿ ಬಿಡಬೇಕಾದರೆ, ಚಂದ್ರನತ್ತ ಭಾರವಾದ ನೌಕೆಗಳನ್ನು ದೂಡಬೇಕಾದರೆ, ಎಂಜಿನ್ನನ್ನು ಆರಿಸಿ, ಗಂಟೆಗಟ್ಟಲೆ ತೇಲಿ, ಮತ್ತೆ ಹೊತ್ತಿಸಬೇಕು. ಎಂಜಿನ್ನು ಆರಿದೊಡನೆ ಟ್ಯಾಂಕಿನಲ್ಲಿ ತೂಕವೆಂಬುದು ಇಲ್ಲವಾಗುತ್ತದೆ. ನೆಲದ ಮೇಲೆ ದ್ರವ ಕೆಳಗೆ, ಆವಿ ಮೇಲೆ ಎಂಬುದು ನಮಗೆ ಎಷ್ಟು ಸಹಜವೆಂದರೆ ಅದಕ್ಕೊಂದು ಕಾರಣ ಬೇಕೆಂದೇ ತೋರುವುದಿಲ್ಲ. ಅಂತರಿಕ್ಷದಲ್ಲಿ ಕೆಳಗೆ ಮೇಲೆ ಎಂಬುದೇ ಇಲ್ಲ. ದ್ರವವು ಗೋಡೆಗಳಿಗೆ ಅಂಟಿ ಹರಡುತ್ತದೆ, ಉಂಡೆಗಳಾಗಿ ತೇಲುತ್ತದೆ, ಪಂಪಿನ ಬಾಯಿಗೆ ಆವಿ ಬಂದು ಕೂರುತ್ತದೆ. ಹೆಚ್ಚಿದ ಆವಿಯನ್ನು ಹೊರಬಿಡಲು ಕವಾಟ ತೆರೆದರೆ ಆವಿಯ ಬದಲು ದ್ರವವೇ ಹೊರಬೀಳಬಹುದು. ಅಮೆರಿಕದವರು ೧೯೬೬ರ ಜುಲೈ ೫ರಂದು ಇದನ್ನು ನೋಡುವುದಕ್ಕೆಂದೇ ಒಂದು ರಾಕೆಟ್ಟನ್ನು ಹಾರಿಸಿ, ಜಲಜನಕದ ಟ್ಯಾಂಕಿನೊಳಗೆ ಟೆಲಿವಿಷನ್ ಕ್ಯಾಮರಾ ಇಟ್ಟು ದ್ರವದ ನಡವಳಿಕೆಯನ್ನು ವೀಕ್ಷಿಸಿದರು. ಹಾರಿಹೋಗುವ ಆವಿಯನ್ನು ವ್ಯರ್ಥವಾಗಲು ಬಿಡದೆ ಹಿಂಬದಿಗೆ ಸತತವಾಗಿ ಊದಿದರೆ ಅದರ ಅಲ್ಪ ಒತ್ತೇ ದ್ರವವನ್ನು ತಳದಲ್ಲಿ ನೆಲೆಗೊಳಿಸಲು ಸಾಕೆಂಬುದು ಅಲ್ಲಿ ದೃಢಪಟ್ಟಿತು. ಚಂದ್ರನಿಗೆ ಹೋದವರ ವಾಹನದ ಮೂರನೆಯ ಹಂತವು ಭೂಮಿಯನ್ನು ಸುತ್ತಿ ಮತ್ತೆ ಹೊತ್ತಿಕೊಂಡದ್ದು ಈ ಉಪಾಯದಿಂದಲೇ. ನಷ್ಟವನ್ನೇ ಕೆಲಸಕ್ಕೆ ಹಚ್ಚಿದ ಇಂಥ ಜಾಣತನವನ್ನು ಕಂಡರೆ ಭೌತಶಾಸ್ತ್ರದ ಅಧ್ಯಾಪಕರಿಗೆ ಸ್ವಲ್ಪ ಅಸೂಯೆಯಾಗುವುದು ಸಹಜ. ನಮ್ಮ ಎಲ್.ವಿ.ಎಂ. ೩ ವಾಹನವು ೨೦೨೫ರ ನವೆಂಬರ್ ೨ರಂದು ಸಿ.ಎಂ.ಎಸ್. ೦೩ ಉಪಗ್ರಹವನ್ನು ಬಿಟ್ಟ ಬಳಿಕ ಅದರ ಕ್ರಯೊಜೆನಿಕ್ ಹಂತದ ಉರಿಕೋಣೆಯನ್ನು ಕಕ್ಷೆಯಲ್ಲಿ ಮತ್ತೆ ಹೊತ್ತಿಸಿ ನೋಡಿದರು. ನಮ್ಮ ದೇಶಕ್ಕೆ ಇದು ಮೊದಲನೆಯದು.

ಗಂಟೆಗಳ ಬದಲು ದಿನಗಳು, ತಿಂಗಳುಗಳು ಕಳೆಯಬೇಕಾದರೆ? ಲೆಕ್ಕಕ್ಕಾಗಿ ೧೦೦ ಚದರ ಮೀಟರು ಮೈಯುಳ್ಳ, ನಾಲ್ಕೂವರೆ ಟನ್ನು ಜಲಜನಕವಿರುವ ಒಂದು ಟ್ಯಾಂಕನ್ನು ಭಾವಿಸೋಣ. ನಿರ್ವಾತದಲ್ಲಿ ಉಷ್ಣವಹನದ ಭಯವಿಲ್ಲ, ವಿಕಿರಣ ಒಂದೇ ಶತ್ರು. ಕೋಣೆಯ ಉಷ್ಣತೆಯ ಕಪ್ಪು ಮೇಲ್ಮೈ ಚದರ ಮೀಟರಿಗೆ ಸುಮಾರು ೪೬೦ ವಾಟ್ ಶಾಖವನ್ನು ಹೊರಸೂಸುತ್ತದೆ. ಅಂಥ ಸುತ್ತುಗೋಡೆಯ ನಡುವೆ ಬೆತ್ತಲೆ ಟ್ಯಾಂಕನ್ನು ಇಟ್ಟು, ಅದು ಬಂದ ಶಾಖವನ್ನೆಲ್ಲ ಹೀರಿತೆಂದರೆ ಅಷ್ಟೂ ಜಲಜನಕ ಸುಮಾರು ಹನ್ನೆರಡು ಗಂಟೆಗಳಲ್ಲಿ ಮುಗಿಯಿತು. ಆದರೆ ಕನ್ನಡಿಯಂತೆ ಹೊಳೆಯುವ ತೆಳುಹಾಳೆಗಳನ್ನು, ಒಂದನ್ನೊಂದು ಆದಷ್ಟು ಮುಟ್ಟದಂತೆ, ಹತ್ತಾರು ಪದರಗಳಾಗಿ ಸುತ್ತಿದರೆ ಚದರ ಮೀಟರಿಗೆ ಬರುವ ಶಾಖವನ್ನು ಒಂದು ವಾಟಿನ ಮಟ್ಟಕ್ಕೆ ಇಳಿಸಬಹುದು. ಆಗ ದಿನಕ್ಕೆ ಹೋಗುವುದು ೧೯ ಕಿಲೋಗ್ರಾಂ. ಈ ಶಾಖವನ್ನೂ ತೆಗೆಯಬೇಕಾದರೆ ಟ್ಯಾಂಕಿನ ಜೊತೆಯಲ್ಲಿ ಒಂದು ಶೀತಯಂತ್ರವನ್ನು ಒಯ್ಯಬೇಕು. ಅಷ್ಟು ಆಳದ ಚಳಿಯಿಂದ ೧೦೦ ವಾಟ್ ಶಾಖವನ್ನು ಎತ್ತಲು ಕಾರ್ನೊ ನಿಯಮದಂತೆ ಆದರ್ಶಯಂತ್ರಕ್ಕೇ ೧೪೦೦ ವಾಟ್ ಬೇಕು. ನಿಜವಾದ ಯಂತ್ರಕ್ಕೆ ಅದರ ಎಷ್ಟೋ ಪಟ್ಟು. ಆಮ್ಲಜನಕದ ಟ್ಯಾಂಕಿನಿಂದ ಅಷ್ಟೇ ಶಾಖವನ್ನು ಎತ್ತುವ ಆದರ್ಶಯಂತ್ರಕ್ಕೆ ೨೩೩ ವಾಟ್ ಸಾಕು. ಆ ಕೊನೆಯ ಎಪ್ಪತ್ತು ಡಿಗ್ರಿಗೆ ಪ್ರಕೃತಿಯು ಬಲು ದುಬಾರಿ ತೆರಿಗೆಯನ್ನು ವಸೂಲುಮಾಡುತ್ತದೆ.

ಈ ತೆರಿಗೆಯನ್ನು ಲೆಕ್ಕಹಾಕಿದವರು ಮೀಥೇನಿನ ಕಡೆಗೆ ನೋಡುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಸಗಣಿಯ ಅನಿಲದ ಸ್ಥಾವರದಿಂದ ಬಂದು ನಮ್ಮ ಹಳ್ಳಿಮನೆಗಳ ಒಲೆಯಲ್ಲಿ ಉರಿಯುವ ಅನಿಲದ ಮುಖ್ಯಭಾಗವೇ ಈ ಮೀಥೇನು. ಅದು ದ್ರವವಾಗುವುದು ಶೂನ್ಯದ ಕೆಳಗೆ ೧೬೧ ಡಿಗ್ರಿಯ ಬಳಿ. ಆಮ್ಲಜನಕಕ್ಕೂ ಅದಕ್ಕೂ ಇರುವ ಅಂತರ ಇಪ್ಪತ್ತು ಡಿಗ್ರಿಗೆ ಸ್ವಲ್ಪ ಮಿಕ್ಕಿದ್ದು. ಎರಡೂ ಟ್ಯಾಂಕುಗಳು ಒಂದು ಗೋಡೆಯನ್ನು ಹಂಚಿಕೊಂಡು ಅಕ್ಕಪಕ್ಕದಲ್ಲಿ ಬಾಳಬಹುದು. ಜಲಜನಕವಾದರೆ ನೆರೆಯ ಆಮ್ಲಜನಕವನ್ನು ಹೆಪ್ಪುಗಟ್ಟಿಸುತ್ತದೆ, ತಾನು ಕುದಿಯುತ್ತದೆ. ಮೀಥೇನಿನ ಸಾಂದ್ರತೆ ಜಲಜನಕದ ಆರರಷ್ಟು, ಟ್ಯಾಂಕು ಚಿಕ್ಕದು. ಅದರ ಅನಿಲ ಚಿಮ್ಮುವ ವೇಗ ಮಾತ್ರ ಜಲಜನಕದ್ದಕ್ಕಿಂತ ಕಡಮೆ. ಕೇಂದ್ರ ಮಂತ್ರಿಮಂಡಲವು ೨೦೨೪ರ ಸೆಪ್ಟೆಂಬರ್ ೧೮ರಂದು ಒಪ್ಪಿಗೆಯಿತ್ತ ಮುಂದಿನ ತಲೆಮಾರಿನ ಉಡಾವಣಾ ವಾಹನವು ಕೆಳಕಕ್ಷೆಗೆ ೩೦ ಟನ್ನುಗಳವರೆಗೆ ಹೊರಬೇಕೆಂದಿದೆ. ಅದರ ಮೊದಲ ಹಂತ ಮರಳಿ ಬಂದು ಮತ್ತೆ ಹಾರಬೇಕು. ಅದಕ್ಕಾಗಿ ಮೀಥೇನು ಮತ್ತು ದ್ರವ ಆಮ್ಲಜನಕದ ಎಂಜಿನ್ನುಗಳ ಕೆಲಸ ನಡೆದಿದೆ. ಬಾಲವನ್ನು ಕೆಳಗೆ ಮಾಡಿ ಇಳಿಯುವ ಹಂತದಲ್ಲಿ, ಅರೆಬರಿದಾದ ಟ್ಯಾಂಕಿನಲ್ಲಿ ದ್ರವವು ಅತ್ತಿತ್ತ ತುಳುಕಾಡುವಾಗಲೇ, ಪಂಪಿನ ಬಾಯಿಗೆ ಗುಳ್ಳೆ ಬಾರದಂತೆ ಎಂಜಿನ್ನನ್ನು ಹೊತ್ತಿಸಬೇಕು. ಒತ್ತಡ, ಉಷ್ಣತೆ, ದ್ರವದ ನೆಲೆ ಈ ಮೂರೂ ಆಗ ಒಮ್ಮೆಗೇ ಸರಿಯಿರಬೇಕು.

ಇದಕ್ಕೂ ಮುಂದಿನ ಯೋಚನೆ, ಒಂದು ವಾಹನದಿಂದ ಇನ್ನೊಂದಕ್ಕೆ ಅಂತರಿಕ್ಷದಲ್ಲಿಯೇ ನೋದಕವನ್ನು ತುಂಬಿಕೊಳ್ಳುವುದು. ಅಮೆರಿಕದ ಸ್ಟಾರ್‌ಶಿಪ್ ವಾಹನವು ೨೦೨೪ರ ಮಾರ್ಚ್ ೧೪ರ ಹಾರಾಟದಲ್ಲಿ ತನ್ನದೇ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ದ್ರವ ಆಮ್ಲಜನಕವನ್ನು ಸಾಗಿಸುವ ಪ್ರಯೋಗವನ್ನು ನಡೆಸಿತು. ಅಲ್ಲಿ ಎದುರಾಗುವ ಕಷ್ಟಗಳಲ್ಲಿ ಒಂದು, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆಯೆಂದು ತಿಳಿಯುವುದು. ನೆಲದ ಮೇಲಾದರೆ ಕೋಲು ಅದ್ದಿ ನೋಡಬಹುದು, ತೂಗಿ ನೋಡಬಹುದು. ತೂಕವೂ ಮಟ್ಟವೂ ಇಲ್ಲದ ಕಡೆ ಕೋಲಿಗೂ ತಕ್ಕಡಿಗೂ ಕೆಲಸವಿಲ್ಲ. ಟ್ಯಾಂಕಿಗೆ ಅಳತೆಮಾಡಿದಷ್ಟು ಹೀಲಿಯಮ್ಮನ್ನು ಊದಿ, ಒತ್ತಡ ಎಷ್ಟು ಏರಿತೆಂಬುದರಿಂದ ಖಾಲಿ ಜಾಗವನ್ನು ಲೆಕ್ಕಹಾಕುವುದು ಒಂದು ಮಾರ್ಗ. ಟ್ಯಾಂಕಿನೊಳಕ್ಕೆ ರೇಡಿಯೊ ಅಲೆಗಳನ್ನು ಕಳಿಸಿ, ಅವು ಯಾವ ಆವರ್ತಗಳಲ್ಲಿ ಅನುರಣಿಸುತ್ತವೆಂಬುದನ್ನು ನೋಡಿ ದ್ರವದ ಪ್ರಮಾಣವನ್ನು ಊಹಿಸುವುದು ಇನ್ನೊಂದು. ಅರೆತುಂಬಿದ ಕೊಡವನ್ನು ಬೆರಳಿನಿಂದ ತಟ್ಟಿ, ಸದ್ದಿನಿಂದಲೇ ನೀರೆಷ್ಟಿದೆಯೆಂದು ಹೇಳುವವರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ.